ಬೆವರದ ಹರವಿ

“ಥೂ! ಇದು ಕುಡಿಯೋ ನೀರೋ, ಜಳಕಕ್ಕ ಕಾಸಿದ್ದೋ?”

ದಪ್ಪ ಮೀಸೆಯ ಪ್ರಯಾಣಿಕ ಬಾಯಲ್ಲಿದ್ದ ನೀರನ್ನು ಪಂಪಮ್ಮನ ಕಾಲ ಬಳಿಯೇ ಉಗುಳಿದ. ಬೊಗಸೆಯಲ್ಲಿ ಉಳಿದಿದ್ದನ್ನೂ ಚೆಲ್ಲಿ, ಕೈ ಜಾಡಿಸುತ್ತ ಬಸ್ಸಿನ ಕಡೆ ನಡೆದ.

ಪಂಪಮ್ಮ ತಂಬಿಗೆ ಹಿಡಿದು ಹಾಗೇ ನಿಂತಳು. ಸಿಟ್ಟಿಗೆ ಅವಳ ಕಿವಿ ಬಿಸಿಯಾದವು. ಪುಕ್ಕಟೆ ಕೊಟ್ಟ ನೀರು. ಬೇಡವಾದರೆ ಬಿಡಲಿ. ಉಗುಳುವುದೆಂದರೇನು?

“ಆಯಿ, ನೋಡಿದೇನು ಅವನ ಸೊಕ್ಕು?”

ಅವಳ ಅಜ್ಜಿ ವೀರಭದ್ರಮ್ಮ ಹರವಿಯಿಂದ ನೀರು ಮೊಗೆದುಕೊಂಡಳು. ತಾನೇ ಒಂದು ಗುಟುಕು ಕುಡಿದು ನೋಡಿ, ಮುಖ ಸಪ್ಪಗೆ ಮಾಡಿಕೊಂಡಳು.

“ಅವನದೇನು ತಪ್ಪೈತಿ ಬಿಡು. ನೀರು ಖರೇನ ಬಿಸಿ ಅದಾವು.”

ಲಿಂಗಸೂಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ಬೇವಿನ ಮರದ ಹತ್ತಿರ ನಿಲ್ಲುತ್ತಿತ್ತು. ಅಲ್ಲೇ ಕರಿಬಸಪ್ಪ ಸಾವಕಾರರ ಅರವಟಿಗೆ. ಬೇಸಿಗೆ ಬಂತೆಂದರೆ ಚಪ್ಪರ ಹಾಕಿ, ಮರಳು ಹಾಸಿ, ಅದರ ಮೇಲೆ ದೊಡ್ಡ ಹೊಟ್ಟೆಯ ಮಣ್ಣಿನ ಹರವಿಗಳನ್ನು ಕೂರಿಸುತ್ತಿದ್ದರು. ಬಸ್ಸಿನವರು, ಬಂಡಿಯವರು, ಕಾಲುವೆ ಕೆಲಸಕ್ಕೆ ನಡೆದು ಹೋಗುವವರು ಯಾರು ಬಂದರೂ ಆಯಿ ನೀರು ಹೊಯ್ಯುತ್ತಿದ್ದಳು. ಪಂಪಮ್ಮ ಹುಟ್ಟುವ ಮೊದಲಿನಿಂದಲೂ ಅದು ಆಯಿಯದೇ ಕೆಲಸ. ಅದಕ್ಕೆ ಸಾವಕಾರರ ಮನೆಯಿಂದ ಜೋಳ ಬರುತ್ತಿತ್ತು. ವೀರಭದ್ರಮ್ಮನ ನೀರು ಕುಡಿದರೆ ಹೊಟ್ಟೆಯವರೆಗೂ ತಂಪು ಎಂದು ಬಸ್ಸಿನವರೆಲ್ಲ ಹೇಳುತ್ತಿದ್ದರು.

ಈ ವರ್ಷ ಮಾತ್ರ ಹಾಗೆ ಹೇಳುವವರೇ ಇಲ್ಲ.

ಕಂಡಕ್ಟರ್ ಶೇಕ್ಷಾವಲಿ ಕೂಡ ಅರ್ಧ ಬೊಗಸೆ ಕುಡಿದು ಸಾಕೆಂದ. “ಯಾಕಬೇ ಅಮ್ಮಾ, ಈ ಸಲ ನಿನ್ನ ನೀರಿಗೆ ಏನಾಗೇತಿ?” ಎಂದು ಮೆಲ್ಲಗೆ ಕೇಳಿ ಸೀಟಿ ಊದಿದ. ಅವನು ಮೆಲ್ಲಗೆ ಕೇಳಿದ್ದು ಪಂಪಮ್ಮನಿಗೆ ಉಗುಳಿದ್ದಕ್ಕಿಂತ ಹೆಚ್ಚು ಚುಚ್ಚಿತು.

ಬಸ್ಸು ಹೋದ ಧೂಳು ಇನ್ನೂ ಇಳಿದಿರಲಿಲ್ಲ, ಗುಮಾಸ್ತ ಯಂಕೋಬ ಛತ್ರಿ ಹಿಡಿದು ಬಂದ. ಯಂಕೋಬನಿಗೆ ಸಾವಕಾರರಿಗಿಂತ ಹೆಚ್ಚು ಸಾವಕಾರಿಕೆ.

“ಏನು ವೀರಭದ್ರಮ್ಮ, ದಿನಾ ಕಂಪ್ಲೇಂಟು ಬರಾಕತ್ತಾವು. ಮುಂಜಾನೆ ಬಾವಿಗೆ ಹೋಗ್ತಿಯೋ ಇಲ್ಲೋ? ನಿನ್ನಿ ನೀರಿಗೇ ನಾಕು ಕೊಡ ಸುರುವಿ ಮಲಗ್ತಿ ಏನು?”

ಆಯಿ ತಂಬಿಗೆ ಕೆಳಗಿಟ್ಟಳು. “ಶಿವನಾಣಿ ಇಲ್ಲಪ್ಪಾ. ದಿನಾ ಹರವಿ ತೊಳ್ದು ಹೊಸಾ ನೀರು ತುಂಬ್ತೀನಿ.”

“ಹಂಗಾದ್ರ ನೀರು ಯಾಕ ಬಿಸಿ ಆಕ್ಕಾವು? ಸಾವಕಾರ್ರ ಹೆಸರು ಕೆಡಸ್ಬ್ಯಾಡ. ಬರೋ ಸೋಮವಾರದಿಂದ ಇಲ್ಲಿ ಕನಕಮ್ಮ ಕೂಡ್ತಾಳ. ನೀ ಮನ್ಯಾಗ ಆರಾಮ ಇರು.”

“ನಮ್ಮ ಆಯಿ ಸುಳ್ಳು ಹೇಳಾಂಗಿಲ್ಲರೀ!” ಪಂಪಮ್ಮ ಕೂಗಿಯೇಬಿಟ್ಟಳು. “ನಾನೂ ದಿನಾ ಬಾವಿಗೆ ಹೋಗ್ತೀನಿ. ನೀವ್ ಯಾವತ್ತರ ಬಂದು ನೋಡೀರೇನು?”

“ಪಂಪೀ, ಸುಮ್ನಿರ್ಬೇ,” ಎಂದಳು ಆಯಿ.

“ನೋಡು, ನೋಡು, ನಾಲಗಿ ಎಷ್ಟು ಉದ್ದ ಐತಿ!” ಯಂಕೋಬ ಹರವಿಗಳ ಸುತ್ತ ಒಂದು ಸುತ್ತು ಹಾಕಿದ. “ಇಂಥಾ ಚಂದದ ಹರವಿ ಕೊಟ್ಟೀವಿ. ಒಂದು ಹನಿ ಸೋರಾಂಗಿಲ್ಲ. ಇಟಗೊಳ್ಳಾಕ ಬರಬೇಕಲ್ಲ!”

ಹರವಿಗಳು ಚಂದವೇ ಇದ್ದವು. ಅದನ್ನು ಪಂಪಮ್ಮನೂ ಒಪ್ಪುತ್ತಿದ್ದಳು.

ಹೋದ ವರ್ಷದವರೆಗೆ ಅರವಟಿಗೆಯಲ್ಲಿ ಬಣ್ಣ ಬಳಿಯದ ಮಣ್ಣಿನ ಹರವಿಗಳಿದ್ದವು. ಅವುಗಳ ಹೊಟ್ಟೆ ಯಾವಾಗಲೂ ಒದ್ದೆ, ಕೆಳಗಿನ ಮರಳೂ ಒದ್ದೆ. ಅದನ್ನು ಕಂಡರೆ ಯಂಕೋಬನಿಗೆ ಹೊಟ್ಟೆಯುರಿ. ‘ಧರ್ಮದ ನೀರು ಮಣ್ಣುಪಾಲಾಗಾಕತ್ತೈತಿ’ ಎಂದು ಸಾವಕಾರರ ಕಿವಿ ಊದಿದ. ಈ ಯುಗಾದಿಗೆ ಬಂಡಿಗಳಿಗೆ ಬಣ್ಣ ಬಳಿಯುವ ಲಾಲ್‌ಸಾಬನನ್ನು ಕರೆಸಿ, ಹೊಸ ಹರವಿಗಳಿಗೆಲ್ಲ ಹಸಿರು ಪೇಂಟು ಬಳಿಸಿದರು. ಒಂದರ ಮೇಲೊಂದು ಕೈ ಬಳಿದು, ಬಿಳಿ ಅಕ್ಷರದಲ್ಲಿ ಸಾವಕಾರರ ಹೆಸರು ಬರೆಸಿದರು. ಹೊಳೆಯುವ ಹರವಿ ನೋಡಲು ಊರೇ ಬಂದಿತ್ತು. ಪಂಪಮ್ಮನಂತೂ ಗೆಳತಿಯರನ್ನೆಲ್ಲ ಕರೆತಂದು, ‘ನಮ್ಮ ಹರವಿ ನೋಡ್ರೇ’ ಎಂದು ಮೆರೆದಿದ್ದಳು.

ಯಂಕೋಬ ಗದರಿಸಿ ಹೋದ ರಾತ್ರಿ ಆಯಿ ರೊಟ್ಟಿ ಮುಟ್ಟಲಿಲ್ಲ. “ವಯಸ್ಸಾತು ನೋಡವ್ವಾ. ನನ್ನ ಕೈಯಾಗಿನ ತಂಪು ಹೋತೋ ಏನೋ” ಎಂದಳು.

ಕೈಯ ತಂಪಂತೆ! ಪಂಪಮ್ಮನಿಗೆ ಯಂಕೋಬನ ಮೇಲಿನ ಸಿಟ್ಟು ಆಯಿಯ ಮೇಲೂ ಹರಿಯಿತು. ಮಾಡದ ತಪ್ಪನ್ನು ಇವಳೇ ಯಾಕೆ ಹೊತ್ತುಕೊಳ್ಳಬೇಕು?

ಮರುದಿನ ಮುಂಜಾನೆಯ ಸಾಲಿ. ಮರಿಸ್ವಾಮಿ ಮಾಸ್ತರರು ಶಾಖದ ಪಾಠ ಹೇಳುತ್ತಿದ್ದರು. ಅವರು ಓದಿದ್ದೆಲ್ಲ ನಿಜಾಮನ ಕಾಲದ ಉರ್ದುವಿನಲ್ಲಿ. ಈಗ ಕನ್ನಡದಲ್ಲಿ ಹೇಳುವಾಗ ಆಗಾಗ ತಡವರಿಸುತ್ತಿದ್ದರು.

“ಕುದಿಯೋ ನೀರಿಗೆ ಇನ್ನಷ್ಟು ಉರಿ ಹಾಕಿದ್ರ ನೀರು ಇನ್ನೂ ಬಿಸಿ ಆಕ್ಕೈತೇನು?”

“ಆಕ್ಕೈತ್ರೀ!” ಎಂದು ಎಲ್ಲರೂ ಕೂಗಿದರು.

“ಇಲ್ಲ. ಕುದಿಯಾಕ ಹತ್ತಿದ ಮ್ಯಾಲ ನೀನು ಹೊರಿಗಟ್ಟಲೆ ಕಟ್ಟಿಗಿ ಹಾಕು, ನೀರು ಅಷ್ಟ ಬಿಸಿ ಇರ್ತೈತಿ. ಹಂಗಾದ್ರ ಆ ಶಾಖ ಎಲ್ಲಿ ಹೋತು? ನೀರನ್ನ ಭಾಪ್ ಮಾಡಾಕ... ಅಲ್ಲಲ್ಲ, ಉಗಿ ಮಾಡಾಕ ಹೋತು. ನೀರು ಉಗಿ ಆಗಬೇಕಂದ್ರ ಶಾಖ ಬೇಕ ಬೇಕು. ಈಗ ನಿಮ್ಮ ಪಾಟಿ ಒದ್ದಿ ಮಾಡ್ರಿ.”

ಎಲ್ಲರೂ ಒದ್ದೆ ಅರಿವೆಯಿಂದ ಬಳಪದ ಪಾಟಿ ಒರೆಸಿ, ಎಂದಿನಂತೆ ಗಾಳಿಗೆ ಬೀಸತೊಡಗಿದರು.

“ಅರ್ಧ ಒಣಗಿದ ಮ್ಯಾಲ ಗಲ್ಲಕ್ಕ ಹಚ್ರಿ. ಹೆಂಗೈತಿ?”

“ತಣ್ಣಗೈತ್ರೀ!”

“ಯಾಕ? ಪಾಟಿ ಮ್ಯಾಲಿನ ನೀರೂ ಉಗಿ ಆಗಾಕತ್ತೈತಿ, ಕಣ್ಣಿಗೆ ಕಾಣಾಂಗಿಲ್ಲ ಅಷ್ಟ. ಅದಕ್ಕ ಶಾಖ ಬೇಕು. ಇಲ್ಲಿ ಒಲಿ ಇಲ್ಲ. ಹಂಗಾಗಿ ಪಾಟಿದ ಶಾಖನ ಕಸಗೊಂಡು ಹೋಗ್ತೈತಿ. ಶಾಖ ಕಳಕೊಂಡ ಪಾಟಿ ತಣ್ಣಗಾಕ್ಕೈತಿ.”

ಪಂಪಮ್ಮನ ಮನಸ್ಸು ಅಲ್ಲಿರಲಿಲ್ಲ. ಸೋಮವಾರ, ಕನಕಮ್ಮ, ಸೋಮವಾರ, ಕನಕಮ್ಮ ಎಂದು ತಲೆ ಕುಟ್ಟುತ್ತಿತ್ತು.

ಸಾಲಿ ಬಿಟ್ಟಾಗ ಬಿಸಿಲು ಏರಿತ್ತು. ಮನೆಗೆ ಬಂದವಳೇ ಹಿತ್ತಲ ಗೋಡೆಯ ನೆರಳಿನಲ್ಲಿ ಕುಸಿದು ಕೂತು, ಅಲ್ಲಿದ್ದ ಹಳೆಯ ಹರವಿಗೆ ಗಲ್ಲ ಆನಿಸಿದಳು. ಹೋದ ವರ್ಷದ ಅರವಟಿಗೆಯ ಹರವಿ ಅದು. ಅಂಚು ಒಡೆದಿದೆಯೆಂದು ಯಂಕೋಬ ಬಿಸಾಡಿದ್ದನ್ನು ಆಯಿ ತಂದು, ಕರುವಿಗೆ ನೀರು ತುಂಬಿಡುತ್ತಿದ್ದಳು.

ಗಲ್ಲ ತಣ್ಣಗಾಯಿತು. ಮುಂಜಾನೆಯ ಪಾಟಿಯ ಹಾಗೆಯೇ ತಣ್ಣಗೆ.

ಪಂಪಮ್ಮ ತಟ್ಟನೆ ಎದ್ದು ಕೂತಳು. ಹರವಿಯ ಹೊಟ್ಟೆ ಒದ್ದೆಯಾಗಿತ್ತು. ಒಳಗೆ ಕೈ ಹಾಕಿದಳು. ನೀರು ಎಷ್ಟು ತಂಪಾಗಿತ್ತೆಂದರೆ ಕೈ ತೆಗೆಯಲು ಮನಸ್ಸಾಗಲಿಲ್ಲ. ಇದೂ ಅದೇ ಬಾವಿಯ ನೀರು. ಮುಂಜಾನೆ ಅವಳೇ ತುಂಬಿದ್ದಳು.

ಈ ಹರವಿ ಬೆವರುತ್ತದೆ. ಆ ಬೆವರು ಗಾಳಿಗೆ ಆರಿ ಹೋಗುವಾಗ ಒಳಗಿನ ನೀರಿನ ಶಾಖವನ್ನು ಕಸಿದುಕೊಂಡು ಹೋಗುತ್ತದೆ. ಅಲ್ಲಿರುವ ಹಸಿರು ಹರವಿಗಳ ಮೈ ಮುಚ್ಚಿಹೋಗಿದೆ. ಒಂದು ಹನಿಯೂ ಹೊರಗೆ ಬರುವಂತಿಲ್ಲ. ಮತ್ತೆ ಶಾಖ ಹೋಗುವುದಾದರೂ ಹೇಗೆ?

“ಪೇಂಟು! ಪೇಂಟಿಂದ ಆಗೇತಿ!” ಎಂದು ಕಿರುಚಿ ಅವಳು ಅರವಟಿಗೆಗೆ ಓಡಿದಳು.

ಬಸ್ಸು ಆಗ ತಾನೇ ಬಂದು ನಿಂತಿತ್ತು. ಯಂಕೋಬನೂ ಅಲ್ಲೇ ಇದ್ದ. ಪಂಪಮ್ಮ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಪಾಟಿ, ಒಲೆ, ಉಗಿ, ಬೆವರು ಎಲ್ಲ ಕಲಸಿಹೋಯಿತು.

ಯಂಕೋಬ ಹೊಟ್ಟೆ ಹಿಡಿದು ನಕ್ಕ. “ಕೇಳಿದ್ರೇನ್ರೋ? ಮುದುಕಿ ಸುಳ್ಳು ಸಾಲದಂತ ಈಗ ಇಕಿದೊಂದು! ಹರವಿ ಸೋರಿದ್ರ ನೀರು ತಂಪು ಇರ್ತಾವಂತ! ಹಂಗಾದ್ರ ತಳ ತೂತು ಮಾಡೋಣೇನು, ಗಟ್ಟಿಯಾಗಿ ಬರ್ಫ್ ಆಗ್ತಾವೋ ಏನೋ!”

ಬಸ್ಸಿನವರೂ ನಕ್ಕರು. ಪಂಪಮ್ಮನ ಕಣ್ಣಲ್ಲಿ ನೀರು ಬಂತು. ಅದು ಅಳುವಲ್ಲ, ಸಿಟ್ಟು.

“ನಗಬ್ಯಾಡ್ರೀ! ನಾಳೆ ಮುಂಜಾನೆ ಬಾವಿಗೆ ಬರ್ರಿ. ನಿಮ್ಮ ಕಣ್ಮುಂದನ ನಿಮ್ಮ ಹರವಿನೂ ತುಂಬ್ತೀವಿ, ನಮ್ಮ ಒಡಕು ಅಂಚಿನ ಹರವಿನೂ ತುಂಬ್ತೀವಿ. ಎರಡೂ ಇಲ್ಲೇ ಇಡೋಣು. ಮಧ್ಯಾಹ್ನ ಬಸ್ಸು ಬಂದಾಗ ಕುಡ್ದು ನೋಡ್ರಿ.”

“ನನಗ ಬ್ಯಾರೆ ಕೆಲಸ ಇಲ್ಲೇನು?”

“ಹೋಗ್ರಲಾ ಯಂಕೋಬಣ್ಣ,” ಎಂದ ಶೇಕ್ಷಾವಲಿ ಬಸ್ಸಿನ ಬಾಗಿಲಲ್ಲಿ ನಿಂತು. “ಮುದುಕಿಗೆ ಸುಳ್ಳಿ ಅಂದೀರಿ. ಖರೇ ಏನಂತ ನೋಡಾಕ ನಿಮಗ್ಯಾಕ ಅಂಜಿಕಿ?”

ಈಗ ಎಲ್ಲರೂ ಯಂಕೋಬನನ್ನೇ ನೋಡತೊಡಗಿದರು. ಅವನು ಛತ್ರಿ ಬಿಚ್ಚಿ, ಮತ್ತೆ ಮಡಿಚಿ, “ಬರ್ತೀನಿ ಬಿಡ್ರೋ” ಎಂದ.

ಮರುದಿನ ಬೆಳಗಾಗುವಾಗಲೇ ಅವನು ಬಾವಿಯ ಕಟ್ಟೆಯ ಮೇಲೆ ಕೂತು, ಆಕಳಿಸುತ್ತ ಕೊಡಗಳನ್ನು ಕಾದ. ಆಯಿ ಬಾಗಿ ನೀರು ಸೇದುವುದನ್ನೂ, ಸೊಂಟ ಹಿಡಿದುಕೊಂಡು ನಿಲ್ಲುವುದನ್ನೂ, ಮತ್ತೆ ಸೇದುವುದನ್ನೂ ಅವನು ನೋಡಿದ. 

ಮಧ್ಯಾಹ್ನ ಬಿಸಿಗಾಳಿ ಬೀಸುತ್ತಿತ್ತು. ಹಸಿರು ಹರವಿ ಹೊಳೆಯುತ್ತ ಕೂತಿತ್ತು. ಪಕ್ಕದಲ್ಲಿ ಅಂಚು ಒಡೆದ ಹರವಿ ಮೈಯೆಲ್ಲ ಬೆವರಿ, ಮರಳನ್ನು ತೋಯಿಸಿಕೊಂಡು ಕೂತಿತ್ತು.

ಶೇಕ್ಷಾವಲಿ ಹಸಿರು ಹರವಿಯ ನೀರು ಕುಡಿದು ಮುಖ ಕಿವುಚಿದ. ಹಳೆಯದರ ನೀರಿಗೆ ಬೊಗಸೆ ಒಡ್ಡಿದವನು ತಲೆ ಎತ್ತಲೇ ಇಲ್ಲ. “ಇನ್ನಷ್ಟು ಹಾಕಬೇ” ಎಂದು ಕೈ ಅಲ್ಲಾಡಿಸಿದ. ಕೊನೆಗೆ ಮುಖಕ್ಕೂ ಚಿಮುಕಿಸಿಕೊಂಡು, “ಇದು ನೋಡು ನಮ್ಮ ಅಮ್ಮನ ನೀರು!” ಎಂದ. ಬಸ್ಸಿನವರೆಲ್ಲ ಹಳೆಯ ಹರವಿಗೇ ಮುಗಿಬಿದ್ದರು.

ಯಂಕೋಬನೂ ಎರಡನ್ನೂ ಕುಡಿದ. ಗಂಟಲು ಸರಿಮಾಡಿಕೊಂಡು ಹೊರಟುಹೋದ.

ಸಂಜೆಯೊಳಗೆ ಸಾವಕಾರರ ಗೋದಾಮಿನಿಂದ ಹಳೆಯ ಹರವಿಗಳೆಲ್ಲ ಬಂದವು. ಹಸಿರು ಹರವಿಗಳು ಕಾಳು ತುಂಬಲು ಹೋದವು. ಹೆಸರು ಕಾಣಲೆಂದು ಒಂದನ್ನು ಮಾತ್ರ ನೀರು ತುಂಬಿಸಿ ಮುಂದೆ ಉಳಿಸಿದರು. ಸೋಮವಾರ ಕನಕಮ್ಮ ಬರಲಿಲ್ಲ. ಆದರೆ ಯಂಕೋಬ ಸಾವಕಾರರ ಮುಂದೆ, “ನಾನ ಪರೀಕ್ಷೆ ಮಾಡಿ ಹಳೇ ಹರವಿ ಇಡಿಸೀನ್ರಿ” ಎಂದು ಹೇಳಿದ್ದು ಪಂಪಮ್ಮನ ಕಿವಿಗೆ ಬಿತ್ತು.

ಅವಳ ರಕ್ತ ಕುದಿಯಿತು. ಆಯಿಗೆ ಸುಳ್ಳಿ ಅಂದದ್ದು ಎಲ್ಲರ ಮುಂದೆ. ತಪ್ಪಾಯಿತು ಅನ್ನುವುದು ಯಾರ ಮುಂದೆಯೂ ಇಲ್ಲವೇ? ಅವನು ಒಬ್ಬನೇ ಸಿಗಲಿ, ತೋರಿಸುತ್ತೇನೆ ಎಂದುಕೊಂಡಳು.

ಸಿಕ್ಕೇ ಸಿಕ್ಕ. ಒಂದು ದಿನ ನಡು ಮಧ್ಯಾಹ್ನ, ಎಲ್ಲಿಂದಲೋ ನಡೆದು ಬಂದ. ಛತ್ರಿ ಇರಲಿಲ್ಲ, ತುಟಿ ಒಣಗಿತ್ತು. ಮಾತಾಡಲೂ ಆಗದೆ ಬಗ್ಗಿ ಬೊಗಸೆ ಒಡ್ಡಿದ.

ಪಂಪಮ್ಮ ತಂಬಿಗೆಯನ್ನು ಸೀದಾ ಹಸಿರು ಹರವಿಗೆ ಅದ್ದಿದಳು. ಕುಡಿಯಲಿ, ತಾನು ಬಳಿಸಿದ ಬಣ್ಣದ ನೀರು!

ಆಯಿ ನೋಡುತ್ತಿದ್ದಳು. 

ತಂಬಿಗೆ ಬೊಗಸೆಯ ಹತ್ತಿರ ಬಂತು. ಮೊನ್ನೆ ಆ ಮೀಸೆಯವನು ಉಗುಳಿದ್ದು ಪಂಪಮ್ಮನಿಗೆ ನೆನಪಾಯಿತು. ಆಗ ಆಯಿಯ ಮುಖ ಹೇಗಾಗಿತ್ತೆಂಬುದೂ ನೆನಪಾಯಿತು. ಉಗುಳುವವನು ಯಾರೇ ಇರಲಿ, ಅದು ಆಯಿಯ ನೀರು.

ಅವಳು ಆ ನೀರನ್ನು ಬೇವಿನ ಬುಡಕ್ಕೆ ಚೆಲ್ಲಿದಳು. ಅಂಚು ಒಡೆದ ಹರವಿಯಿಂದ ತುಂಬಿ ತಂದು ಹೊಯ್ದಳು.

ಯಂಕೋಬ ಕುಡಿದ. ಮತ್ತೆ ಕುಡಿದ. ಕೈ ಒರೆಸಿಕೊಂಡು ಹೋಗಲು ತಿರುಗಿದವನು ನಿಂತ. ಹರವಿಯ ಒದ್ದೆ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದ. ಆಮೇಲೆ ಒದ್ದೆ ಮರಳು ತುಳಿಯದಂತೆ ಪಕ್ಕಕ್ಕೆ ಸರಿದು ಹೋದ.

“ತಪ್ಪಾತು ಅಂತ ಒಂದು ಮಾತು ಅನಲಿಲ್ಲ ನೋಡು ಆಯಿ!”

“ಅನಲಿಲ್ಲ,” ಎಂದಳು ಆಯಿ, ತಂಬಿಗೆ ಬೆಳಗುತ್ತ. “ಉಗುಳಲೂ ಇಲ್ಲ.”

ಪಂಪಮ್ಮ ಮೂಗು ಮುರಿದು ಆಯಿಯ ಪಕ್ಕ ಕೂತಳು. ಸಿಟ್ಟು ಇನ್ನೂ ಇತ್ತು. ಓಡಾಡಿ ಕುತ್ತಿಗೆಯೆಲ್ಲ ಬೆವರಿತ್ತು. ಒರೆಸಿಕೊಳ್ಳಲು ಲಂಗದ ತುದಿ ಎತ್ತಿದಳು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಗಾಳಿ ಬಂತು. ಬಿಸಿಗಾಳಿಯೇ, ಆದರೂ ಕುತ್ತಿಗೆಗೆ ತಣ್ಣಗೆ ತಾಗಿತು.

ಅವಳು ಲಂಗದ ತುದಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಗಾಳಿಗೆ ಕತ್ತು ಒಡ್ಡಿ ಕೂತಳು.