ಅವನು ಕತ್ತರಿಸಿದ ಹೊಲಿಗೆ

"ಕೆಳಗೆ ನೋಡಬೇಡಿ ಅಂದಿದ್ದೆ ತಾನೇ?"

"ನೋಡ್ಬಿಟ್ಟೆ!"

ನೆಲದಿಂದ ಮೂವತ್ತಡಿ ಮೇಲೆ, ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿದ್ದಳು ಅವಳು. ತುಸು ಆಚೆ ಕಡಲು ಕಲ್ಲುಗಳಿಗೆ ಬಡಿಯುತ್ತಿತ್ತು. ಬಲಗಾಲು ಹೊಲಿಗೆ ಮಷೀನಿನ ಸೂಜಿಯಂತೆ ತನ್ನಷ್ಟಕ್ಕೆ ಕುಣಿಯುತ್ತಿತ್ತು. ಪಾಪ, ಆ ಕುಣಿತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವಳು ಟೈಲರ್!

'ಎಲ್ಲಾ ಈ ಅತ್ತಿಗೆಯಿಂದ...' ಎಂದು ಹಲ್ಲು ಕಚ್ಚಿದಳು. ಮಷೀನ್ ಮುಂದೆ ಕೂತು ಕೂತು ಬೆನ್ನು ಬಾಗ್ತಿದೆ, ಭಾನುವಾರ ಬಂಡೆ ಹತ್ತೋಣ ಬಾ ಅಂತ ಎಳೆದು ತಂದ ಅತ್ತಿಗೆ ಈಗ ಕೆಳಗೆ ಆರಾಮಾಗಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

ಅವಳ ಸೊಂಟದಿಂದ ಮೇಲೆ ಹೋಗಿ, ಬಂಡೆಯ ತುದಿಯ ಕೊಂಡಿಯಲ್ಲಿ ತೂರಿ ಇಳಿದಿದ್ದ ಹಗ್ಗವನ್ನು ಕೆಳಗೆ ಹಿಡಿದು ನಿಂತಿದ್ದವನು ಗೈಡ್. ಎಲ್ಲರೂ ಅವನನ್ನು ಮೇಷ್ಟ್ರು ಅನ್ನುತ್ತಿದ್ದರು. ಅವನ ದನಿಯಲ್ಲಿ ಚೂರೂ ಗಾಬರಿಯಿರಲಿಲ್ಲ.

"ಟೈಲರ್ ಮೇಡಂ, ಹತ್ತೋಕೆ ಮುಂಚೆ ನನ್ನನ್ನ ಏನು ಕೇಳಿದ್ರಿ?"

"ಹಿಡಿದಿದ್ದೀರಾ... ಅಂತ."

"ನಾನೇನಂದೆ?"

"ಹಿಡಿದಿದ್ದೀನಿ ಅಂದ್ರಿ..."

"ಈಗಲೂ ಹಿಡಿದೇ ಇದ್ದೀನಿ. ಕೈ ಬಿಡಿ, ನೋಡೋಣ."

ಕಣ್ಣು ಮುಚ್ಚಿ ಕೈ ಬಿಟ್ಟಳು. ಬೀಳಲಿಲ್ಲ! ಗಾಳಿಯಲ್ಲಿ ತೂಗಾಡುತ್ತಾ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಆಮೇಲೆ ಅವಳು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಹತ್ತುವುದನ್ನು ಕಲಿತಳು, ಹತ್ತುವವರಿಗೆ ಕೆಳಗಿನಿಂದ ಹಗ್ಗ ಹಿಡಿಯುವುದನ್ನೂ ಕಲಿತಳು. ಅತ್ತಿಗೆಗೆ ಎಷ್ಟೋ ಸಲ ಹಿಡಿದಳು. ಆದರೆ ಮೇಷ್ಟ್ರು ಮಾತ್ರ ತನ್ನ ಹಗ್ಗವನ್ನು ಯಾವ ಕಲಿಯುವವರ ಕೈಗೂ ಕೊಟ್ಟವನಲ್ಲ.

ಅವನ ಮಾತು ಕಡಿಮೆ. ಮೇಲಿನಿಂದ ಇಳಿದ ಕೂಡಲೇ ಬಾಟಲಿಯ ಮುಚ್ಚಳ ತೆಗೆದು ನೀರು ಕೊಡುತ್ತಿದ್ದ, ಅಷ್ಟೇ. ಆ ಅಷ್ಟಕ್ಕೇ ಇವಳಿಗೆ ವಾರವಿಡೀ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಯಾರದೋ ಶರ್ಟಿಗೆ ಕಾಲರ್ ತಿರುವುಮುರುವು ಹೊಲಿದು ಬೈಸಿಕೊಂಡಿದ್ದೂ ಆಯಿತು.

ಒಂದು ದಿನ ಸಾಮಾನಿನ ಶೆಡ್ಡಿನಲ್ಲಿ, ಮೊಳೆಗೆ ನೇತುಹಾಕಿದ್ದ ಅವನ ಹಳೆಯ ಹಾರ್ನೆಸ್ ಕಣ್ಣಿಗೆ ಬಿತ್ತು. ಸೊಂಟಕ್ಕೆ ಬಿಗಿಯುವ ಪಟ್ಟಿ ಅದು. ಹಗ್ಗ ಕಟ್ಟುವುದು ಅದಕ್ಕೇ. ಹೊಲಿಗೆ ಬಿಚ್ಚಿಕೊಂಡಿತ್ತು. 'ಇದು ನನ್ನ ಕೆಲಸ!' ಎಂದು ಮನಸ್ಸು ಕುಣಿಯಿತು. ಸದ್ದಿಲ್ಲದೆ ಚೀಲಕ್ಕೆ ಸೇರಿಸಿದಳು. ಅಂಗಡಿಯಲ್ಲಿ ಗಟ್ಟಿ ದಾರದಿಂದ ನಾಲ್ಕು ಸಾಲು ಹೊಲಿದಳು. ಮೂಲೆಯಲ್ಲೊಂದು ಬಿಳಿ ಕಡಲಹಕ್ಕಿಯನ್ನೂ ಕಸೂತಿ ಮಾಡಿದಳು.

ಮುಂದಿನ ಭಾನುವಾರ ಎಲ್ಲರೆದುರೇ ಅವನ ಕೈಗಿಟ್ಟಳು. "ನೋಡಿ! ಹೊಸದರ ಹಾಗೆ ಆಗಿಲ್ವಾ?"

ಅವನ ಮುಖ ಬಿಳಿಚಿಕೊಂಡಿತು. ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿದ. ಪೆಟ್ಟಿಗೆಯಿಂದ ಕತ್ತರಿ ತೆಗೆದ. ಕರ್‍ರನೆ ಆ ಪಟ್ಟಿಯನ್ನು ಎರಡು ತುಂಡು ಮಾಡಿಬಿಟ್ಟ!

ಅವಳ ಕಣ್ಣು ತುಂಬಿ ಬಂತು. "ಅಷ್ಟು ಕೆಟ್ಟದಾಗಿತ್ತಾ ನನ್ನ ಕೆಲಸ...?"

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಚೀಲ ಎತ್ತಿಕೊಂಡು ನಡೆದೇಬಿಟ್ಟಿದ್ದಳು.

ಮೂರು ಭಾನುವಾರ ಅವಳು ಬಂಡೆಯ ಕಡೆ ತಲೆ ಹಾಕಲಿಲ್ಲ. ಹದಿನೈದನೇ ವಯಸ್ಸಿನಿಂದ ಅನ್ನ ಕೊಟ್ಟ ಕೈ ಇದು. ಇದನ್ನೇ ನಂಬದವನ ಜೊತೆ ಇನ್ನೇನು ಬದುಕು ಕಟ್ಟುವುದು?

"ಹೋಗಿ ಒಂದು ಮಾತು ಕೇಳಬಾರದಾ?" ಅಂದಳು ಅತ್ತಿಗೆ.

"ಕತ್ತರಿನೇ ಉತ್ತರ ಹೇಳ್ತಲ್ಲ ಅತ್ತಿಗೆ."

ನಾಲ್ಕನೇ ವಾರ, ಮಧ್ಯಾಹ್ನ, ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ಮೇಷ್ಟ್ರು!

ಅವಳು ಮಷೀನ್ ನಿಲ್ಲಿಸಲಿಲ್ಲ. "ಹೊಲಿಸೋಕೆ ಬಂದ್ರಾ, ಕತ್ತರಿಸೋಕೆ ಬಂದ್ರಾ?"

"ಹೇಳೋಕೆ ಬಂದೆ. ಅವತ್ತೇ ಹೇಳಬೇಕಿತ್ತು." ಅವನು ಸ್ಟೂಲಿನ ತುದಿಯಲ್ಲಿ ಕೂತ. "ನಮ್ಮಣ್ಣನೂ ಹತ್ತೋನೇ. ಅವನ ಹಾರ್ನೆಸ್ ಬಿಚ್ಕೊಂಡಾಗ ನಮ್ಮಮ್ಮ ಹೊಲಿದುಕೊಟ್ರು. ಹೊಲಿಗೆ ಕಲ್ಲಿನ ಹಾಗಿತ್ತು. ಆದ್ರೆ ಪಟ್ಟಿನೇ ಬಿಸಿಲಿಗೆ, ಉಪ್ಪುಗಾಳಿಗೆ ಒಳಗೊಳಗೇ ಲಡ್ಡಾಗಿತ್ತು. ಹೊಲಿಗೆ ಪಕ್ಕದಲ್ಲೇ ಹರೀತು."

ಮಷೀನ್ ನಿಂತಿತು.

"ಅಣ್ಣ ಬದುಕಿದ. ಎಡಗಾಲು ಇವತ್ತಿಗೂ ಮಡಚಲ್ಲ. ಅಮ್ಮ ಮತ್ತೆ ಸೂಜಿ ಮುಟ್ಟಲೇ ಇಲ್ಲ. ನಮ್ಮ ಕಸುಬಿನಲ್ಲಿ ಹಳೇ ಹಾರ್ನೆಸ್ ಕತ್ತರಿಸಿಯೇ ಎಸೀಬೇಕು, ಯಾರೂ ಮರೆತು ಹಾಕ್ಕೋಬಾರದು ಅಂತ. ಮೊಳೆಗೆ ನೇತುಹಾಕಿದ್ದು ನನ್ನ ತಪ್ಪು. ಅವತ್ತು ನಿಮ್ಮ ಹೊಲಿಗೆ ನೋಡಿ... ನೀವೂ ಅಮ್ಮನ ಹಾಗೆ ಆಗೋದು ಬೇಡ ಅನ್ನಿಸ್ತು. ಬಾಯಿಗಿಂತ ಮುಂಚೆ ಕೈ ಓಡಿತು."

"ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂದ್ಕೊಂಡೆ ನಾನು..." ಅವಳು ಬಿಕ್ಕಿದಳು.

ಅವನು ಜೇಬಿನಿಂದ ಒಂದು ಚೂರು ತೆಗೆದು ಮೇಜಿನ ಮೇಲಿಟ್ಟ. ಬಿಳಿ ಕಡಲಹಕ್ಕಿ! ಅದರ ಸುತ್ತ ಜೋಪಾನವಾಗಿ ಕತ್ತರಿಸಿಕೊಂಡಿದ್ದ.

"ಕೈ ಜಾರದಿರಲಿ ಅಂತ ಪೌಡರ್ ಇಟ್ಕೊಳ್ತೀನಲ್ಲ, ಆ ಚೀಲಕ್ಕೆ ಇದನ್ನ ಹೊಲಿದುಕೊಡ್ತೀರಾ? ಆ ಚೀಲದ ಮೇಲೆ ಯಾರ ಭಾರವೂ ಬೀಳಲ್ಲ. ಮತ್ತೆ... ಭಾನುವಾರ ಬನ್ನಿ."

ಹೋಗದೆ ಇರುತ್ತಾಳೆಯೇ? ಅತ್ತಿಗೆಗಿಂತ ಮುಂಚೆ ತಯಾರಾಗಿ ಕೂತಿದ್ದಳು!

ಬಂಡೆಯ ಬುಡದಲ್ಲಿ ಅವನು ಹೊಸ ಹಾರ್ನೆಸ್ ತೊಟ್ಟಿದ್ದ. ಸೊಂಟದಲ್ಲಿ ಪೌಡರ್ ಚೀಲ, ಚೀಲದ ಮೇಲೆ ಹಕ್ಕಿ. ತನ್ನ ಹಗ್ಗದ ಇನ್ನೊಂದು ತುದಿಯನ್ನು ತಂದು ಅವಳ ಕೈಗೆ ಕೊಟ್ಟ.

"ನಾನಾ?"

"ಈ ಕೈಯೇ ಬೇಕು." ಬಂಡೆಗೆ ಮುಖ ಮಾಡಿ ನಿಂತ. "ಹಿಡಿದಿದ್ದೀರಾ?"

"ಹಿಡಿದಿದ್ದೀನಿ. ಹತ್ತಿ."

ಸರಸರ ಹತ್ತಿದವನು ಮೂವತ್ತಡಿಯಲ್ಲಿ ನಿಂತುಬಿಟ್ಟ. ಅವನ ಬಲಗಾಲು ನಡುಗುತ್ತಿತ್ತು.

"ಯಾಕೆ ಮೇಷ್ಟ್ರೇ, ಕೆಳಗೆ ನೋಡ್ಬಿಟ್ರಾ?"

"ನೋಡಿದೆ! ನೀನು ಕಂಡೆ. ಈ ಸಲ ಮೊದಲು ಬಾಯಲ್ಲೇ ಹೇಳ್ತೀನಿ. ನನಗೆ ನೀನಂದ್ರೆ ಪ್ರಾಣ. ನನ್ನನ್ನ ಮದುವೆ ಆಗ್ತೀಯಾ?"

ಅತ್ತಿಗೆಯ ಕೈಯಿಂದ ಕಿತ್ತಳೆ ಉರುಳಿತು. "ಹೂಂ ಅನ್ನೇ!"

"ಮೊದಲು ಕೆಳಗೆ ಬನ್ನಿ!" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೈ ಮಾತ್ರ ಹಗ್ಗದ ಮೇಲೆ ಬಿಗಿಯಾಗಿತ್ತು.

"ಹೂಂ ಅಂದ್ರೆ ಬರ್ತೀನಿ!"

"ಹೂಂ... ಹೂಂ ಅಂದೆನಲ್ಲ! ಕೈ ಬಿಡಿ, ನಾನು ಹಿಡಿದಿದ್ದೀನಿ."

ಅವನು ಎರಡೂ ಕೈ ಬಿಟ್ಟ.