ಮೀನು ಮಗುಚಿದ ದಿನ

"ಅಯ್ಯೋ...!"

ದೋಣಿಗೆ ಕಾಲಿಡುತ್ತಲೇ ಜಾರಿದ ಮಿಸ್ ಫಾಂಗ್ ನೇರವಾಗಿ ಹೋಗಿ ಬಿದ್ದದ್ದು ದೋಣಿ ನಡೆಸುವ ಕಾಮ್-ಶಿಂಗ್‌ನ ಎದೆಯ ಮೇಲೆ!

ಹಗ್ಗ ಬಿಚ್ಚುತ್ತಿದ್ದ ಸುಯ್-ಲಿನ್ ಕಣ್ಣು ಕಿರಿದು ಮಾಡಿದಳು. ಡಾಲ್ಫಿನ್ ಫೋಟೊ ತೆಗೆಯಲು ಪಟ್ಟಣದಿಂದ ಬಂದವಳಂತೆ. ತೆಳ್ಳಗೆ, ಬೆಳ್ಳಗೆ, ಘಮ್ಮೆನ್ನುವ ಸೆಂಟು ಬೇರೆ. ಬೀಳಲು ಇಡೀ ತಾಯ್-ಓ ಊರಲ್ಲಿ ಬೇರೆ ಜಾಗವೇ ಸಿಗಲಿಲ್ಲವೇ?

"ಪರವಾಗಿಲ್ಲ ಮೇಡಂ, ನಿಧಾನ," ಎಂದ ಶಿಂಗ್, ಬೆಣ್ಣೆಯಂಥ ದನಿಯಲ್ಲಿ. ಮರುಕ್ಷಣವೇ ಇತ್ತ ತಿರುಗಿ, "ಏ ಲಿನ್! ಬಾಯಿ ಬಿಟ್ಕೊಂಡು ಏನ್ ನೋಡ್ತಿದ್ದೀಯ? ಹಗ್ಗ ಬಿಡು!"

ಬೈಸಿಕೊಳ್ಳುವುದು ಅವಳಿಗೆ ಹೊಸದಲ್ಲ. ಅವನ ದೋಣಿಯಲ್ಲಿ ಜನರನ್ನು ಕೂರಿಸುತ್ತಾಳೆ, ಡಾಲ್ಫಿನ್ ಕಂಡರೆ ಕೂಗಿ ಹೇಳುತ್ತಾಳೆ. ಅವನನ್ನು ಪ್ರೀತಿಸುತ್ತಾಳೆ ಕೂಡ. ಅದೊಂದನ್ನು ಮಾತ್ರ ಇನ್ನೂ ಹೇಳಿಲ್ಲ. ಪಟ್ಟಣದ ಚಿಕ್ಕಮ್ಮ ತನ್ನ ಅಂಗಡಿಗೆ ಬಾ ಎಂದು ಕರೆಯುತ್ತಿದ್ದಾಳೆ. ಶಿಂಗ್ ಒಂದೇ ಒಂದು ಸಲ 'ಇರು' ಎಂದರೆ ಸಾಕು, ಅವಳು ಹೋಗುವುದಿಲ್ಲ. ಆದರೆ ಅವನು ಹೇಳಬೇಕಲ್ಲ!

"ಅಗೋ! ಬಲಗಡೆ!"

ತಿಳಿ ಗುಲಾಬಿ ಬೆನ್ನೊಂದು ನೀರಿನಿಂದೆದ್ದಿತು. ಪಕ್ಕದಲ್ಲೇ ಬೂದುಬಣ್ಣದ ಮರಿ. ಮಿಸ್ ಫಾಂಗ್ ಸಂತೋಷ ತಾಳಲಾರದೆ ಶಿಂಗ್‌ನ ತೋಳು ಹಿಡಿದಳು. ಹಿಡಿದವಳು ಬಿಡಲೇ ಇಲ್ಲ!

'ಡಾಲ್ಫಿನ್ ನೀರಲ್ಲಿದೆ ತಾಯಿ, ಅವನ ತೋಳಲ್ಲಲ್ಲ!'

ಲಿನ್‌ಗೆ ಹೊಟ್ಟೆ ಉರಿದುಹೋಯಿತು. ಮೆಲ್ಲಗೆ ತನ್ನ ಕೈ ಮೂಸಿ ನೋಡಿಕೊಂಡಳು. ಬೆಳಗ್ಗೆ ಅಮ್ಮನ ಜೊತೆ ಅರೆದ ಸಿಗಡಿಯ ವಾಸನೆ. ಅಳು ಬಂತು.

ಮಧ್ಯಾಹ್ನ ಶಿಂಗ್‌ನ ಅಮ್ಮ ಮೂವರಿಗೂ ಊಟಕ್ಕಿಟ್ಟಳು. ಆವಿಯಲ್ಲಿ ಬೇಯಿಸಿದ ಇಡೀ ಮೀನು. ಮೇಲಿನ ಮಗ್ಗುಲು ತಿಂದು ಮುಗಿದದ್ದೇ ತಡ, ಮಿಸ್ ಫಾಂಗ್ ಊಟದ ಕಡ್ಡಿಗಳಿಂದ ಮೀನನ್ನು ಮಗುಚಿಹಾಕಿಬಿಟ್ಟಳು!

ಲಿನ್ ತಟ್ಟನೆ ಶಿಂಗ್‌ನ ಮುಖ ನೋಡಿದಳು. ತಟ್ಟೆಯಲ್ಲಿ ಮೀನು ಮಗುಚಿದರೆ ಕಡಲಲ್ಲಿ ದೋಣಿ ಮಗುಚುತ್ತದೆ! ದೋಣಿಯವರ ಮನೆಯಲ್ಲಿ ಪುಟ್ಟ ಮಕ್ಕಳಿಗೂ ಇದು ಗೊತ್ತು. ಹಿಂದೊಮ್ಮೆ ಅವಳು ಮರೆತು ಮಗುಚಲು ಹೋದಾಗ ಶಿಂಗ್ ಊರಿಗೆಲ್ಲ ಕೇಳುವಂತೆ ಕೂಗಾಡಿದ್ದ.

ಈಗ? "ತಿನ್ನಿ ಮೇಡಂ, ತಿನ್ನಿ," ಎಂದು ನಕ್ಕ!

ಆಮೇಲೆ ಎದ್ದು, "ಲಿನ್, ಸಂಜೆ ದೋಣಿ ಹೋಗಲ್ಲ. ಕಾಯ್ತಿರೋರಿಗೆ ಹೇಳ್ಬಿಡು," ಎಂದು ಮಿಸ್ ಫಾಂಗ್ ಜೊತೆ ಹೊರಟೇಹೋದ.

'ಓಹೋ... ಅವಳ ಜೊತೆ ಸುತ್ತೋಕೆ ದೋಣಿಯನ್ನೇ ನಿಲ್ಲಿಸಿದನಾ!'

ಅವನು ದಡಕ್ಕೆ ಮರಳುವಷ್ಟರಲ್ಲಿ ಲಿನ್ ದೋಣಿಯಿಂದ ತನ್ನ ಟೋಪಿ, ಚೀಲ ಎಲ್ಲ ಎತ್ತಿಕೊಂಡಿದ್ದಳು.

"ನಾಳೆಯಿಂದ ನಾನು ಬರಲ್ಲ! ಅವರು ಮೀನು ಮಗುಚಿದ್ರೂ ನಗ್ತೀಯ. ನಾನು ಕೆಮ್ಮಿದ್ರೂ ಬೈತೀಯ!"

"ಲೇ ಹುಚ್ಚಿ, ಗಿರಾಕಿಗೆ ಯಾರಾದ್ರೂ ಬೈತಾರಾ? ಅವರನ್ನ ಬಸ್ಸು ಹತ್ತಿಸಿ ಬಂದೆ."

"ಮತ್ತೆ ದೋಣಿ ಯಾಕೆ ನಿಲ್ಲಿಸ್ದೆ?"

"ಮೀನು ಮಗುಚಿದೆ ಕಣೇ! ಅದರ ಮೇಲೆ ನಿನ್ನನ್ನ ಕಡಲಿಗೆ ಕರ್ಕೊಂಡ್ ಹೋಗ್ಲಾ? ನಾನೊಬ್ಬನೇ ಆಗಿದ್ರೆ ಹೋಗ್ತಿದ್ನೇನೋ. ಮುಂದುಗಡೆ ನೀನು ಕೂತಿರ್ತೀಯ... ನಿನಗೇನಾದ್ರೂ ಆದ್ರೆ?"

ಲಿನ್ ಕೈಯಿಂದ ಚೀಲ ಜಾರಿತು.

"ನೀನಂದ್ರೆ ನಂಗೆ ಜೀವ, ಲಿನ್. ಹೆದರಿಕೆ ಆದ್ರೆ ಬಾಯಲ್ಲಿ ಮೊದಲು ಬೈಗುಳವೇ ಬರುತ್ತೆ. ಏನ್ ಮಾಡ್ಲಿ?"

ಏನು ಮಾಡುವುದು! ಅವಳು ಅತ್ತಳು. ನಗುತ್ತಾ ಅತ್ತಳು.

ರಾತ್ರಿ ಶಿಂಗ್‌ನ ಮನೆಯಲ್ಲಿ ಊಟಕ್ಕೂ ಮೀನೇ. ಮೇಲಿನ ಮಗ್ಗುಲು ಮುಗಿಯಿತು. ಲಿನ್ ಬೇಕೆಂದೇ ಕಡ್ಡಿಗಳನ್ನು ಮೀನಿನ ಕೆಳಗೆ ತೂರಿಸಿದಳು.

"ಏಯ್ ಲಿನ್!!"

ಅಷ್ಟು ಸಿಹಿಯಾದ ಬೈಗುಳವನ್ನು ಅವಳು ಕೇಳಿಯೇ ಇರಲಿಲ್ಲ.

"ನಾಳೆನೂ ಬೈತೀಯಾ?"

ಶಿಂಗ್ ನಡುಮುಳ್ಳು ಎತ್ತಿಟ್ಟು, ಕೆಳಗಿನ ಮೆತ್ತನೆ ತುಂಡನ್ನು ಅವಳ ಬಟ್ಟಲಿಗೆ ಹಾಕಿದ.

"ಹತ್ರ ಇದ್ರೆ ತಾನೆ ಬೈಯೋದು... ಹೋಗ್ಬೇಡ. ಇರು."

"ಇರ್ತೀನಿ," ಎಂದಳು ಲಿನ್. "ನೀನು ಮೊದಲು ಊಟ ಮಾಡು."