ಅರುಳಮ್ಮನ ಸಂತರು, ಸತ್ಯಪಾಲನ ದೇವರು

"ಬೇಡ! ಕತ್ತರಿಸ್ಬೇಡಿ!"

ಅರುಳಮ್ಮ ಕೂಗುವಷ್ಟರಲ್ಲಿ ಕತ್ತರಿ ತನ್ನ ಕೆಲಸ ಮುಗಿಸಿತ್ತು. ಅಪ್ಪನ ಕಾಲಿಗೆ ಕಟ್ಟಿದ್ದ ಕಪ್ಪು ದಾರ ತುಂಡಾಗಿ, ಅದರಲ್ಲಿದ್ದ ಸಂತ ಅಂತೋಣಿಯವರ ಪದಕ ದವಾಖಾನೆಯ ಕಲ್ಲುನೆಲದ ಮೇಲೆ ಉರುಳಿ ಬೆಂಚಿನ ಕೆಳಗೆ ಹೋಯಿತು.

ಅವಳು ಮಂಡಿಯೂರಿ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಎದ್ದು ನಿಂತಾಗ ಅವಳ ಮೂಗಿನ ತುದಿ ಕೆಂಪಾಗಿತ್ತು.

"ಯಾರನ್ನ ಕೇಳಿ ಕತ್ತರಿಸಿದ್ರಿ?"

"ಕಾಲು ಊದ್ಕೊಂಡು ದಾರ ಮಾಂಸದೊಳಗೆ ಹೂತ್ಹೋಗಿದೆ. ಇನ್ನೂ ಬಿಟ್ಟಿದ್ರೆ ಕಾಲೇ ಉಳೀತಿರ್ಲಿಲ್ಲ." ಕಾಂಪೌಂಡರ್ ತಲೆಯೆತ್ತದೆ ಗಾಯ ತೊಳೆಯುತ್ತಲೇ ಹೇಳಿದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳೂ ಸುಮ್ಮನಾಗುತ್ತಿದ್ದಳೇನೋ. ಆದರೆ ಅವನು ನಿಲ್ಲಿಸಲಿಲ್ಲ.

"ಸತ್ತುಹೋದವರನ್ನ ಯಾಕೆ ಬೇಡ್ಕೋತೀರಿ? ದೇವರನ್ನೇ ನೇರವಾಗಿ ಕೇಳಿ."

ಎಂಥ ಮಾತು! ಅದೂ ಒಬ್ಬ ಕ್ರೈಸ್ತನ ಬಾಯಲ್ಲಿ! ಅವಳ ಕಣ್ಣು ತುಂಬಿ ಬಂತು. ಅವನು ತಲೆಯೆತ್ತಿದ್ದು ಆಗ. ಆ ಕಣ್ಣುಗಳನ್ನು ನೋಡಿದವನೇ ಹತ್ತಿಯನ್ನು ಕೈಯಲ್ಲೇ ಹಿಡಿದು ಮಾತು ಮರೆತ.

ಯುದ್ಧ ಇನ್ನೇನು ಮುಗಿಯುತ್ತದೆ ಎಂದು ದೊಡ್ಡಬಳ್ಳಾಪುರದ ಪೇಟೆಯಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ನಲವತ್ತೈದನೇ ಇಸವಿ ಅದು. ಅರುಳಮ್ಮ ರಾಜಘಟ್ಟದ ಕಡೆಯ ಒಂದು ಪಾಳ್ಯದವಳು. ಅಲ್ಲಿದ್ದ ಕೆಲವೇ ಕಥೋಲಿಕ ಮನೆಗಳಲ್ಲಿ ಅವಳದೂ ಒಂದು. ಕಾನ್ವೆಂಟಿನಲ್ಲಿ ಓದಿ ಬಂದು, ಊರವರು ಗುಡಿ ಎನ್ನುತ್ತಿದ್ದ ಚರ್ಚಿನ ಪಕ್ಕದ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ತಂದೆ ಇನ್ನಾಸಪ್ಪ ರಾಗಿ ಹೊಲದಲ್ಲಿ ಕಾಲಿಗೆ ಗುದ್ದಲಿ ತಗುಲಿಸಿಕೊಂಡಿದ್ದರು. ಗಾಯ ಕೀವಾದಾಗ ಬೇರೆ ದಾರಿ ಕಾಣದೆ, ಪ್ರೊಟೆಸ್ಟೆಂಟರ ಆ ಸಣ್ಣ ಮಿಷನ್ ದವಾಖಾನೆಗೆ ಪಕ್ಕದ ಮನೆಯ ಬೈರಣ್ಣನ ಗಾಡಿಯಲ್ಲಿ ಕರೆತಂದಿದ್ದಳು.

ಕಾಂಪೌಂಡರ ಹೆಸರು ಸತ್ಯಪಾಲ.

ವಾಪಸು ಬರುವಾಗ ಬೈರಣ್ಣ ಎತ್ತುಗಳನ್ನು ಗದರಿಸುತ್ತ ಕೇಳಿದ. "ಅಲ್ಲ ಕಣವ್ವ, ನೀನೂ ಯೇಸುಸ್ವಾಮಿ ಅಂತೀಯ, ಆವಯ್ಯನೂ ಯೇಸುಸ್ವಾಮಿ ಅಂತಾನೆ. ಮತ್ತೆ ಜಗಳ ಯಾತಕ್ಕೆ?"

ಅರುಳಮ್ಮ ಕೈಯಲ್ಲಿದ್ದ ಪದಕವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಪಟ್ಟಿ ಬದಲಿಸಲು ಮತ್ತೆ ಮತ್ತೆ ಬರಲೇಬೇಕಾಯಿತು. ಎರಡನೇ ಸಲ ಹೋದಾಗ ಸತ್ಯಪಾಲ ತಾನಾಗಿಯೇ ಹೇಳಿದ.

"ಅವತ್ತು ದಾರ ಕತ್ತರಿಸಿದ್ದು ತಪ್ಪಲ್ಲ. ಆಡಿದ ಮಾತು ತಪ್ಪು. ಕ್ಷಮಿಸಿ."

ಹೀಗೆ ತಪ್ಪು ಒಪ್ಪಿಕೊಳ್ಳುವ ಗಂಡಸರನ್ನು ಅವಳು ಹೆಚ್ಚು ಕಂಡಿರಲಿಲ್ಲ. "ಆಗ್ಲಿ" ಎಂದಷ್ಟೇ ಹೇಳಿ ಮುಖ ತಿರುಗಿಸಿದಳು. ಆದರೆ ಮಾರನೆಯ ಇಡೀ ದಿನ ಮಕ್ಕಳಿಗೆ ಕಾಗುಣಿತ ಹೇಳಿಕೊಡುವಾಗಲೂ ಅವನ ದನಿ ಕಿವಿಯಲ್ಲೇ ಇತ್ತು.

ಆಮೇಲೆ ಮಾತು ಬೆಳೆಯಿತು. ಜಗಳವಾಗಿ ಅಲ್ಲ... ಇಬ್ಬರಿಗೂ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

"ಅಮಲ್ದಾರ್ರನ್ನ ನೋಡೋಕೆ ಮೊದ್ಲು ಗುಮಾಸ್ತರನ್ನ ಹಿಡೀಬೇಕಲ್ಲ, ನಿಮ್ಮ ಸಂತರೂ ಹಾಗೇನಾ?" ಒಂದು ದಿನ ಅವನು ಕೇಳಿದ.

"ಛೆ! ಹಾಗಲ್ಲ."

"ಮತ್ತೆ? ದೇವರು ನಮ್ಮಪ್ಪ ಅಲ್ವಾ? ಅಪ್ಪನ ಹತ್ರ ಹೋಗೋಕೆ ಯಾರ ಶಿಫಾರಸು ಬೇಕು?"

ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ ಇನ್ನಾಸಪ್ಪ ಮಗಳ ಮುಖವನ್ನೇ ನೋಡುತ್ತಿದ್ದರು.

"ಅಪ್ಪನ್ನ ಏನಾದ್ರೂ ಕೇಳ್ಬೇಕಾದ್ರೆ ನಾನು ಅಮ್ಮನ್ನೂ ಜೊತೆಗೆ ಕರ್ಕೊಂಡ್ಹೋಗ್ತೀನಿ. ಅಪ್ಪ ಬೈತಾರೆ ಅಂತಲ್ಲ. ಒಬ್ಬಳೇ ಕೇಳೋದಕ್ಕಿಂತ ಇಬ್ರೂ ಕೇಳಿದ್ರೆ ಧೈರ್ಯ... ನಿಮ್ಮ ಮನೇಲಿ ಹಾಗಿರ್ಲಿಲ್ವಾ?"

ಪಟ್ಟಿ ಸುತ್ತುತ್ತಿದ್ದ ಅವನ ಕೈ ನಿಂತಿತು.

"ನಮ್ಮ ಮನೇಲಿ ಅಮ್ಮ ಇರ್ಲಿಲ್ಲ."

ಅವನು ಚಿಕ್ಕವನಿದ್ದಾಗ ಪ್ಲೇಗು ಬಂದು ತಾಯಿಯನ್ನು ಕೊಂಡೊಯ್ದಿತ್ತು. ತುಮಕೂರಿನ ಕಡೆಯ ಬೋರ್ಡಿಂಗಿನಲ್ಲಿ ಬೆಳೆದ. ಅಲ್ಲಿಗೆ ಹೋದ ಹೊಸದರಲ್ಲಿ ದಿನಾ ಮಲಗುವ ಮುನ್ನ ಕಿಟಕಿಯ ಬಳಿ ನಿಂತು ಅಮ್ಮನ ಜೊತೆ ಮಾತಾಡುತ್ತಿದ್ದನಂತೆ. ಅಲ್ಲಿನ ಮೇಲ್ವಿಚಾರಕಿ ಕೇಳಿಸಿಕೊಂಡು, ತೀರಿಹೋದವರಿಗೆ ನಮ್ಮ ಮಾತು ಕೇಳುವುದಿಲ್ಲ, ದೇವರ ಜೊತೆ ಮಾತ್ರ ಮಾತಾಡು ಎಂದು ಮೆಲ್ಲಗೆ ತಿಳಿಹೇಳಿದ್ದರು.

"ಒಳ್ಳೇದಕ್ಕೇ ಹೇಳಿದ್ರು. ದೇವರು ನನ್ನ ಕೈ ಬಿಡ್ಲಿಲ್ಲ, ಅದು ಸತ್ಯ. ಆದ್ರೆ ಅವತ್ತಿಂದ ಅಮ್ಮನ ಹೆಸರು ಬಾಯಿಗೆ ಬಂದಿಲ್ಲ. ಇದೇ ಊರಲ್ಲಿ ಮಣ್ಣು ಮಾಡಿರೋದು. ಒಂದ್ಸಲಾನೂ ಹೋಗಿಲ್ಲ."

ದೇವರೊಬ್ಬನನ್ನೇ ನಂಬಿ ಬೆಳೆದ ಈ ಮನುಷ್ಯನ ನಂಬಿಕೆ ಎಷ್ಟು ಗಟ್ಟಿ! ಎಷ್ಟು ಒಂಟಿ!

ಅಂದು ಗಾಡಿ ಹತ್ತುವಾಗ ಅವಳು ಹಿಂತಿರುಗಿ ನೋಡಿದಳು. ಅವನೂ ಬಾಗಿಲಲ್ಲಿ ನಿಂತಿದ್ದ.

ಇನ್ನಾಸಪ್ಪ ಎದ್ದು ನಡೆಯುವಂತಾದ ಮೇಲೆ ದವಾಖಾನೆಗೆ ಹೋಗಲು ನೆಪ ಉಳಿಯಲಿಲ್ಲ. ಅರುಳಮ್ಮ ದಾರಿ ಕಾದಳು. ಒಂದು ಭಾನುವಾರ ಮನೆಗೆ ಬಂದದ್ದು ಸತ್ಯಪಾಲನಲ್ಲ, ಅವನ ಸಭೆಯ ಉಪದೇಶಿ ದಾನಿಯೇಲಪ್ಪ.

"ಹುಡುಗನಿಗೆ ನಿಮ್ಮ ಮಗಳು ಒಪ್ಪಿಗೆ," ಅವರು ಜಗುಲಿಯ ಮೇಲೆ ಕೂತು ಹೇಳಿದರು. ಒಳಗಿದ್ದ ಅರುಳಮ್ಮನ ಎದೆ ಜೋರಾಗಿ ಹೊಡೆದುಕೊಂಡಿತು. "ಆದ್ರೆ ಸಂತರು, ಮರಿಯಮ್ಮ, ಜಪಮಾಲೆ ಎಲ್ಲಾ ಬಿಟ್ಟು ಬರ್ಬೇಕು. ಮನೇಲಿ ಒಂದು ಪಟನೂ ಇರ್ಬಾರ್ದು. ಹುಡುಗನ ಇಷ್ಟಾನೂ ಅದೇ."

ಹುಡುಗನ ಇಷ್ಟವೂ ಅದೇ!

ಅಮ್ಮನನ್ನು ಕಳೆದುಕೊಂಡ ನೋವು ಏನೆಂದು ಗೊತ್ತಿರುವವನು, ನನ್ನ ಮರಿಯ ಮಾತೆಯನ್ನು ಹೊಸಿಲಾಚೆ ಬಿಟ್ಟು ಬಾ ಎನ್ನುತ್ತಾನೆಯೇ? ಅಷ್ಟೆಲ್ಲ ಮಾತಾಡಿದ್ದು ಸುಳ್ಳೇ?

"ಅಪ್ಪಾ," ಅವಳು ಒಳಗಿನಿಂದಲೇ ಹೇಳಿದಳು. "ಆಗಲ್ಲ ಅಂತ ಹೇಳಿ."

ಕೆಲವು ದಿನಗಳ ನಂತರ ಪೇಟೆಗೆ ಹೋಗಿಬಂದ ಬೈರಣ್ಣ ಸುದ್ದಿ ತಂದ. "ಕಾಂಪೌಂಡರು ತುಮಕೂರಿಗೆ ವರ್ಗ ಕೇಳ್ಕೊಂಡವ್ರಂತೆ ಕಣವ್ವ. ಮುಖ ನೋಡೋಕಾಗಲ್ಲ, ಹಂಗೆ ಸೊರಗವ್ರೆ."

ಅಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಗುಡಿಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ಅಂತೋಣಿಯವರ ಪ್ರತಿಮೆಯ ಮುಂದೆ ಮಂಡಿಯೂರಿದಳು. ಕಳೆದದ್ದನ್ನು ಹುಡುಕಿಕೊಡುವ ಸಂತರು ಅವರು. ಆದರೆ ಕಳೆದದ್ದು ಏನೆಂದು ಹೇಳಲಿ? ತಾನೇ ಅಲ್ಲವೇ ಬೇಡವೆಂದು ಕಳಿಸಿದ್ದು?

ತಿರುಗಿ ದೇವರ ಪೀಠದ ಕಡೆ ನೋಡಿದಳು. ಅಪ್ಪನ ಕಾಲು, ಮಳೆ, ಮಕ್ಕಳ ಜ್ವರ... ದೇವರಲ್ಲಿ ಅವಳು ಕೇಳಿದ್ದೆಲ್ಲ ಬೇರೆಯವರಿಗಾಗಿ. ತನ್ನ ಮನಸ್ಸಿನ ಸಣ್ಣ ಆಸೆಗಳೆಲ್ಲ ಸಂತರ ಕಿವಿಗೇ. ಅಷ್ಟು ದೊಡ್ಡ ದೇವರ ಮುಂದೆ ಇಂಥದನ್ನು ಹೇಳುವುದು ಹೇಗೆ ಎಂಬ ನಾಚಿಕೆ.

"ದೇವರೇ... ನನಗೆ ಅವರು ಬೇಕು."

ಹೇಳಿಯೇಬಿಟ್ಟಳು! ಮುಖವೆಲ್ಲ ಬಿಸಿಯಾಯಿತು. ಆದರೆ ಯಾರೂ ಕೋಪಿಸಿಕೊಂಡಂತೆ ಅನಿಸಲಿಲ್ಲ. ಯಾರೋ ತೀರ ಹತ್ತಿರ ಕೂತು ಕೇಳಿಸಿಕೊಂಡಂತೆ ಅನಿಸಿತು. ಸತ್ಯಪಾಲ ಹೇಳುತ್ತಿದ್ದುದು ಇದನ್ನೇ ಏನೋ.

ಏಳುವ ಮುನ್ನ ಅಂತೋಣಿಯವರ ಕಡೆ ತಿರುಗಿ, "ನೀವೂ ಒಂದ್ಮಾತು ಹೇಳಿ ಸ್ವಾಮೀ" ಎಂದಳು. ಅಳುವಿನ ನಡುವೆಯೇ ನಗು ಬಂತು.

ಮಾರನೆಯ ದಿನ ಅಪ್ಪನಿಗೆ ಹೇಳಿಯೇ ಹೊರಟಳು. ಇನ್ನಾಸಪ್ಪ ತಡೆಯಲಿಲ್ಲ. "ಹೋಗ್ಬಾ ಮಗಾ. ಆವಯ್ಯನ ಬಾಯಿಂದಲೇ ಕೇಳ್ಕೊಂಡು ಬಾ" ಎಂದರು.

ದವಾಖಾನೆಯಲ್ಲಿ ಅವನಿರಲಿಲ್ಲ. ಸಮಾಧಿಗಳ ಕಡೆ ಹೋದ ಎಂದರು.

ಊರಾಚೆ, ಹೊಂಗೆಮರದ ಕೆಳಗೆ, ಹೆಸರೂ ಇಲ್ಲದ ಒಂದು ಮಣ್ಣಿನ ದಿಬ್ಬದ ಮುಂದೆ ಅವನು ಕೂತಿದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿ ಗಡಬಡಿಸಿ ಎದ್ದ. ಕಣ್ಣು ಒರೆಸಿಕೊಳ್ಳಲೂ ಮರೆತಿದ್ದ.

"ಒಂದು ಮಾತು ಕೇಳೋಕೆ ಬಂದೆ." ಅವಳು ನಿಂತಲ್ಲೇ ಕೇಳಿದಳು. "ನನ್ನ ಸಂತರನ್ನ, ಮರಿಯಮ್ಮನ್ನ ಬಿಟ್ಟು ಬಾ ಅಂದ್ರಾ ನೀವು?"

"ನಾನಾ?" ಅವನು ಬೆಚ್ಚಿದ. "ನಿಮ್ಮನ್ನ ಕೊಡ್ತಾರಾ ಕೇಳಿ ಅಂದೆ, ಅಷ್ಟೇ! ಉಪದೇಶಿಗಳು ಬಂದು, ಆ ಹುಡುಗಿಗೆ ನಿನ್ನ ಮೇಲೆ ಮನಸ್ಸಿಲ್ಲ ಅಂದ್ರು..."

ಅರುಳಮ್ಮ ಅಲ್ಲೇ ಹೊಂಗೆಯ ನೆರಳಲ್ಲಿ ಕೂತಳು. ಇಷ್ಟು ದಿನದ ಸಂಕಟ ಇಷ್ಟಕ್ಕೇನಾ!

"ದೇವರನ್ನ ನೇರವಾಗಿ ಕೇಳಿ ಅಂತ ಊರಿಗೆಲ್ಲ ಹೇಳ್ತೀರ. ನನ್ನ ಕೇಳೋಕೆ ಮಾತ್ರ ಇನ್ನೊಬ್ರನ್ನ ಕಳ್ಸಿದ್ರಲ್ಲ!"

"ಹೆದರಿಕೆ ಆಯ್ತು." ಅವನು ತಲೆ ತಗ್ಗಿಸಿದ. "ದೇವರು ಬೈಯಲ್ಲ ಅಂತ ಗೊತ್ತು. ನಿಮ್ಮದು ಗೊತ್ತಿರ್ಲಿಲ್ಲ."

ಅವಳು ನಕ್ಕುಬಿಟ್ಟಳು. ಆಮೇಲೆ ದಿಬ್ಬದ ಕಡೆ ನೋಡಿ ಮೆಲ್ಲಗೆ ಕೇಳಿದಳು. "ಅಮ್ಮನಾ?"

"ಹೂಂ. ದೇವರಿಗೆ ಎಲ್ಲಾ ಹೇಳಿದ್ದೆ. ಆದ್ರೂ ಅಮ್ಮನಿಗೆ ಹೇಳ್ಬೇಕು ಅನ್ನಿಸ್ತು. ಬೇಡ್ಕೊಳ್ಲಿಲ್ಲ. ಸುಮ್ನೆ ಹೇಳ್ದೆ. ಕೇಳಿಸ್ತೋ ಇಲ್ವೋ ಗೊತ್ತಿಲ್ಲ."

"ನಾವೂ ಅಷ್ಟೇ ಮಾಡೋದು."

"ಅಷ್ಟೇನಾ?"

"ಇಲ್ಲ... ಬೇಡ್ಕೋತೀವಿ ಕೂಡ." ಅವಳು ಸುಳ್ಳು ಹೇಳಲಾರಳು.

"ಅದನ್ನ ಒಪ್ಪೋಕೆ ನನ್ನಿಂದಾಗಲ್ಲ ಅರುಳಮ್ಮ."

"ಒಪ್ಪಿ ಅಂತ ನಾನು ಕೇಳಿಲ್ವಲ್ಲ. ನನ್ನ ಒಪ್ಪಿದ್ದೀರಾ ಅಂತ ಮಾತ್ರ ಕೇಳ್ತಿದ್ದೀನಿ."

ಅವನು ಕಣ್ಣೊರೆಸಿಕೊಂಡು ನಕ್ಕ. "ದಾರ ಕತ್ತರಿಸಿದ ದಿನಾನೇ ಒಪ್ಪಿಬಿಟ್ಟಿದ್ದೆ!"

ದಾರಿ ಸುಲಭವಿರಲಿಲ್ಲ. ಸತ್ಯಪಾಲ ವರ್ಗದ ಅರ್ಜಿ ಹಿಂದಕ್ಕೆ ಪಡೆದ, ಉಪದೇಶಿಗಳು ಅವನ ಜೊತೆ ಮಾತು ಬಿಟ್ಟರು. ಪಾಳ್ಯದ ಗುಡಿಯ ಗುರುಸ್ವಾಮಿಗಳಿಗೆ ಬಿಷಪ್ಪರ ಅನುಮತಿ ತರಿಸಲು ತಿಂಗಳುಗಟ್ಟಲೆ ಹಿಡಿಯಿತು. ಹುಟ್ಟುವ ಮಕ್ಕಳಿಗೆ ಕಥೋಲಿಕ ಗುಡಿಯಲ್ಲೇ ದೀಕ್ಷಾಸ್ನಾನ ಎಂಬ ಮಾತಿಗೆ ಸಹಿ ಹಾಕುವ ಮುನ್ನ ಸತ್ಯಪಾಲ ಎಷ್ಟೋ ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ, "ನನ್ನ ಪ್ರಾರ್ಥನೇನೂ ಅವರಿಗೆ ಕಲಿಸ್ತೀನಿ" ಎಂದು ಗುರುಗಳ ಮುಂದೆಯೇ ಹೇಳಿ ಸಹಿ ಹಾಕಿದ. ಪೀಠದ ಮುಂದೆ, ಹಾಡು ಪೂಜೆಗಳೊಂದಿಗೆ ಮದುವೆಯಾಗಬೇಕೆಂಬ ಅರುಳಮ್ಮನ ಆಸೆಯೂ ನಡೆಯಲಿಲ್ಲ. ಬೇರೆ ಸಭೆಯವನ ಜೊತೆಗಿನ ಮದುವೆಗೆ ಅದೆಲ್ಲ ಇರಲಿಲ್ಲ. ಗುಡಿಯ ಪಕ್ಕದ ಕೋಣೆಯಲ್ಲಿ, ನಾಲ್ಕು ಜನರ ಎದುರು ಉಂಗುರ ತೊಡಿಸಿದ. ಅವಳು ಅತ್ತಳು. ಯಾತಕ್ಕೆಂದು ಅವನು ಕೇಳಲಿಲ್ಲ, ಅವನಿಗೆ ಗೊತ್ತಿತ್ತು.

ದೊಡ್ಡಬಳ್ಳಾಪುರದ ಪುಟ್ಟ ಬಾಡಿಗೆ ಮನೆಯಲ್ಲಿ ಮೊದಲ ದಿನದ ಊಟ. ಬಿಸಿ ಮುದ್ದೆ, ಸೊಪ್ಪಿನ ಸಾರು. ಇಬ್ಬರೂ ತಟ್ಟೆಯ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿದರು.

"ಪ್ರಾರ್ಥನೆ ಯಾರು ಹೇಳೋದು?" ಅವಳು ಕೇಳಿದಳು.

"ನಿಮ್ಮದು ನೀವು ಹೇಳ್ಕೊಳ್ಳಿ. ನನ್ನದು ನಾನು."

"ನನ್ನದು ಉದ್ದ. ನಿಮ್ಮ ಮುದ್ದೆ ಆರಿಹೋಗುತ್ತೆ."

"ಆರ್ಲಿ ಬಿಡಿ. ಆಮೆನ್ ಹೇಳೋವಾಗ ಮಾತ್ರ ಕರೀರಿ. ಅದನ್ನ ಒಟ್ಟಿಗೆ ಹೇಳೋಣ."